ವಿಮಲಮ್ಮನವರಿಗೆ ಜ್ವರ ಬಂದ ಚಳಿಗಾಲ

ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಮೊನ್ನೆ ಬೆಟ್ಟದಿಂದ ಬಂದಳು. ಬಂದವಳು ನೆಟ್ಟಗೆ ನನ್ನ ಅಡುಗೆಮನೆಗೆ ನುಗ್ಗಿ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಅಜ್ಜಿ, ನೋಡಿ, ನಾನು ಸ್ಕೀಯಿಂಗ್ ಮಾಡ್ದೆ. ಸಖತ್ತಾಗಿತ್ತು. ನೀವು ಹಿಮ ನೋಡೇ ಇಲ್ಲ ಅಲ್ವಾ?"

ಫೋನಿನಲ್ಲಿ ಅವಳು ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಲ್ಲು ಬಿಡುತ್ತಾ ನಿಂತಿದ್ದಳು. ಹಿಂದೆಲ್ಲ ಬಿಳಿ. ನನ್ನೆದುರು ನಿಂತವಳ ತೋಳಿನ ಮೇಲೆ ಒಂದು ಉಣ್ಣೆಯ ಕೋಟಿತ್ತು. ಯಾರದೋ ಪೆಟ್ಟಿಗೆಯಿಂದ ಎರವಲು ತಂದಿದ್ದಂತೆ, ವಾಪಸು ಕೊಡಬೇಕಂತೆ. ಅದರಿಂದ ನುಸಿಗುಳಿಗೆಯ ವಾಸನೆ ಬಂತು.

"ನೋಡಿದೀನಿ" ಅಂದೆ. "ಗುಲ್ಮಾರ್ಗದಲ್ಲಿ. ನಿಮ್ಮಮ್ಮ ಹುಟ್ಟೋಕೆ ಮುಂಚೆ."

"ಸುಮ್ನಿರಿ ಅಜ್ಜಿ" ಎಂದು ನಕ್ಕು ಅವಳು ಮೇಲೆ ಹೋದಳು. ನಾನು ಒಲೆ ಆರಿಸಿ ಕುಳಿತೆ. ಆ ವಾಸನೆಗೆ ವಿಮಲಮ್ಮನವರು ನೆನಪಾದರು. ವಯಸ್ಸಾದ ಮೇಲೆ ಹಳೆಯ ಸಿಟ್ಟೆಲ್ಲ ಕರಗುತ್ತದೆ ಎಂದು ಜನ ಹೇಳುತ್ತಾರೆ. ನನ್ನದು ಕರಗಿಲ್ಲ. ಕರಗಲಿ ಎಂದು ನಾನು ಅದನ್ನು ಬಿಸಿಲಿಗೆ ಇಟ್ಟೂ ಇಲ್ಲ.

ನಾನು ಯಡಿಯೂರಿನವಳು. ಈಗ ಜಯನಗರ ಅನ್ನುವುದೆಲ್ಲ ಆಗ ನಮ್ಮವರ ರಾಗಿ ಹೊಲ, ಹುರುಳಿ ಹೊಲ. ಸೈಟು ಮಾಡುತ್ತೇವೆಂದು ಹೊಲ ತೆಗೆದುಕೊಂಡ ಮೇಲೆ ನನ್ನ ಗಂಡ ವೆಂಕಟಪ್ಪ ನೇಗಿಲನ್ನು ಅಟ್ಟಕ್ಕೆ ಹಾಕಿ, ಅದೇ ಎತ್ತುಗಳಿಗೆ ಗಾಡಿ ಕಟ್ಟಿ, ಹೊಸ ಮನೆಗಳಿಗೆ ಕಲ್ಲು ಸಾಗಿಸತೊಡಗಿದ. ಹಾಗೆ ಎದ್ದ ಮನೆಗಳಲ್ಲೇ ಒಂದಕ್ಕೆ ನಾನು ಮಗು ನೋಡಿಕೊಳ್ಳಲು ಸೇರಿದೆ. ಆ ಮನೆಯ ಹಿತ್ತಲಿನ ಬಾವಿ ನಮ್ಮ ಹೊಲದ ಬಾವಿಯೇ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನೀರೇನೂ ಹೆಚ್ಚು ಸಿಹಿಯಾಗುವುದಿಲ್ಲ.

ಸಾಹೇಬರು ಇಂಜಿನಿಯರು. ಹೆಂಡತಿ ವಿಮಲಮ್ಮ ಕಾಲೇಜು ಓದಿದವರು, ಇಂಗ್ಲಿಷ್ ಪೇಪರು ಬಂದರೆ ಗಂಡನಿಗಿಂತ ಮೊದಲು ಬಿಡಿಸುವವರು. ಮಗಳು ಉಷಾಗೆ ಆಗಿನ್ನೂ ಮಾತು ಪೂರಾ ಬಂದಿರಲಿಲ್ಲ. ಇವರೆಲ್ಲರ ಮೇಲೆ ಸಾಹೇಬರ ತಾಯಿ ಪಾರ್ವತಮ್ಮ. ಅವರ ಗಂಡ ಇನ್ನೂ ಬದುಕಿದ್ದರು, ಆದರೆ ಒಂದು ಮೂಲೆಯಲ್ಲಿ ಪಂಚಾಂಗ ಹಿಡಿದು ಕೂರುವ ಬದುಕು. ಮನೆಯ ಬೀಗದ ಕೈಯೆಲ್ಲ ಪಾರ್ವತಮ್ಮನವರ ಸೊಂಟದಲ್ಲೇ ಇತ್ತು. ಸೊಸೆ ಒಂದು ಲೋಟ ಸಕ್ಕರೆ ಬೇಕಾದರೂ ಅತ್ತೆಯ ಸೊಂಟ ನೋಡಬೇಕಿತ್ತು.

ನನಗೆ ಮಕ್ಕಳಿಲ್ಲ. ಹೆತ್ತೆ, ಎರಡೂ ಅಳಲಿಲ್ಲ. ಅದರ ಮೇಲೆ ಹೇಳುವುದಕ್ಕೇನಿಲ್ಲ. ಉಷಾ ನನ್ನ ಬೆನ್ನಿನ ಮೇಲೆ ಬೆಳೆದಳು. ನಮ್ಮ ಕಡೆ ಹೆಂಗಸರು ಕಳೆ ಕೀಳುವಾಗ ಮಗುವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಕಟ್ಟಿಕೊಂಡು ಒಗೆಯುತ್ತಿದ್ದೆ, ಗುಡಿಸುತ್ತಿದ್ದೆ. ಪಾರ್ವತಮ್ಮನವರಿಗೆ ಅದು ಹಿಡಿಸುತ್ತಿರಲಿಲ್ಲ.

"ಕೂಲಿಯೋರ ಹಾಗೆ ಕಟ್ಕೋಬೇಡ್ವೇ ಮುನಿಯಮ್ಮ, ನೋಡಿದೋರು ಏನಂತಾರೆ?"

"ಬೆನ್ನು ನಂದೇ ಅಲ್ವಾ ದೊಡ್ಡಮ್ಮೋರೆ? ಮಗೂಗೆ ನೋವಾಗ್ತಿದ್ರೆ ಅದೇ ಹೇಳುತ್ತೆ."

ಆ ವರ್ಷ ಕಾರ್ತಿಕ ಕಳೆಯುವ ಹೊತ್ತಿಗೆ ಸಾಹೇಬರಿಗೆ ಕಾಶ್ಮೀರದಲ್ಲಿ ಕೆಲಸ ಬಿತ್ತು. ಚಳಿಗಾಲ ಪೂರ್ತಿ ಶ್ರೀನಗರದಲ್ಲಿರಬೇಕು. ವಿಮಲಮ್ಮ ತಾವೂ ಬರುತ್ತೇನೆ ಎಂದು ಹಟ ಹಿಡಿದರು. ಅವರು ಪೇಪರಿನಲ್ಲಿ ಚಿತ್ರ ನೋಡಿದ್ದರು, ಬಿಳಿ ಬೆಟ್ಟದ ಮೇಲಿಂದ ಹೆಂಗಸೊಬ್ಬಳು ಹಲಗೆ ಕಟ್ಟಿಕೊಂಡು ಜಾರುವ ಚಿತ್ರ. ಅದನ್ನು ಕತ್ತರಿಸಿ ಕನ್ನಡಿಗೆ ಸಿಕ್ಕಿಸಿದ್ದರು. ಪಾರ್ವತಮ್ಮ ಅದನ್ನು ನೋಡಿದ್ದರು. ಹೊರಡುವ ಬೆಳಿಗ್ಗೆ ಸೊಸೆಯ ಕೈಯನ್ನು ದೇವರ ದೀಪದ ಮುಂದೆ ಹಿಡಿದುಕೊಂಡು ಮಾತು ತೆಗೆದುಕೊಂಡರು.

"ಆ ಹಲಗೆ ಹತ್ತಲ್ಲ ಅನ್ನು. ಇನ್ನೊಂದು ಮಗು ನಿಲ್ಲಬೇಕು ನಿನಗೆ. ಗಂಡು ಬೇಕು ಈ ಮನೆಗೆ. ಮಗೂನ ಆ ಹಿಮದ ಮೇಲೆ ಇಳಿಸಲ್ಲ ಅನ್ನು."

"ಇಲ್ಲ ಅತ್ತೆ. ಎರಡೂ ಇಲ್ಲ" ಅಂದರು ವಿಮಲಮ್ಮ.

ಆಮೇಲೆ ಪಾರ್ವತಮ್ಮ ತಮ್ಮ ಬೂದು ಬಣ್ಣದ ಉಣ್ಣೆ ಶಾಲನ್ನು ಮಗುವಿಗೆ ಸುತ್ತಿ ನನ್ನ ಕೈಗೆ ಕೊಟ್ಟರು. "ನಿನ್ನ ಮಡಿಲಿಗೆ ಹಾಕಿದೀನಿ" ಅಂದರು. ನಾನು ತಲೆಯಾಡಿಸಿದೆ.

ರೈಲು ಬದಲಿಸಿ, ರೈಲು ಬದಲಿಸಿ, ಆಮೇಲೆ ಬಸ್ಸಿನಲ್ಲಿ ಕರುಳು ಬಾಯಿಗೆ ಬರುವಂತೆ ಹತ್ತಿ ಇಳಿದು ಶ್ರೀನಗರ ಸೇರಿದೆವು. ಸಾಹೇಬರು ಅಲ್ಲಿ ಉಳಿದರು. ವಿಮಲಮ್ಮ ಒಂದು ವಾರವೂ ಅಲ್ಲಿ ಕೂರಲಿಲ್ಲ. ಊರಿನ ಗಾಳಿ ಸರಿಯಿಲ್ಲ, ಮೇಲೆ ಗುಲ್ಮಾರ್ಗದಲ್ಲಿ ಹೋಟೆಲಿದೆ, ಅಲ್ಲಿ ಇರುತ್ತೇವೆ ಅಂದರು. ಸಾಹೇಬರಿಗೆ ಗೊತ್ತಾಯಿತು ಏಕೆಂದು. ಅವರು ತಾಯಿಗೂ ಹೆದರುವ ಗಂಡಸು, ಹೆಂಡತಿಗೂ ಹೆದರುವ ಗಂಡಸು. ಎದುರಿಗೆ ಯಾರಿರುತ್ತಾರೋ ಅವರಿಗೆ ಮೊದಲು. ಹೂಂ ಅಂದರು.

ಗುಲ್ಮಾರ್ಗಕ್ಕೆ ಕೊನೆಯ ಹಾದಿ ಕುದುರೆಯ ಮೇಲೆ. ಕುದುರೆಯ ಮೂಗಿನ ಕೂದಲಿಗೆ ಮಂಜು ಹೆಪ್ಪುಗಟ್ಟಿ ನೇತಾಡುತ್ತಿತ್ತು. ಹೋಟೆಲು ಮರದ್ದು, ನಡೆದರೆ ನೆಲ ಕಿರುಗುಟ್ಟುತ್ತಿತ್ತು. ನನಗೆ ಸಾಹೇಬರ ಹಳೆಯ ಕೋಟು, ಯಾವುದೋ ಸಿಪಾಯಿಯ ಬೂಟು, ತಲೆಗೆ ಮಂಕಿ ಟೋಪಿ. ಸೀರೆಯನ್ನು ಗದ್ದೆ ಕೆಲಸಕ್ಕೆ ಕಟ್ಟುವಂತೆ ಕಚ್ಚೆ ಹಾಕಿ ಬೂಟಿನೊಳಗೆ ತುರುಕಿದ್ದೆ. ಬೆಳಿಗ್ಗೆ ಎದ್ದರೆ ಬಕೀಟಿನ ನೀರು ಗಾಜಾಗಿರುತ್ತಿತ್ತು. ಒದ್ದೆ ಬಟ್ಟೆ ಹಗ್ಗದ ಮೇಲೆ ಹಾಕಿದರೆ ಹಲಸಿನ ಹಲಗೆಯ ಹಾಗೆ ಸೆಟೆದು ನಿಲ್ಲುತ್ತಿತ್ತು. ನಾನು ಡಬ್ಬದಲ್ಲಿ ರಾಗಿ ಹಿಟ್ಟು ಒಯ್ದಿದ್ದೆ. ಹೋಟೆಲಿನ ಅಡುಗೆಯವನ ಒಲೆಯಲ್ಲಿ ಮುದ್ದೆ ತೊಳಸಿದರೆ ಅವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅವರಲ್ಲಿ ಗುಲಾಮ್ ಎಂಬವನಿದ್ದ, ಜಾರಲು ಬಂದವರ ಹಲಗೆ ಹೊತ್ತು ಮೇಲೆ ಹತ್ತುವುದು ಅವನ ಕೆಲಸ. ಅಂಗಿಯೊಳಗೆ ಹೊಟ್ಟೆಯ ಹತ್ತಿರ ಕೆಂಡದ ಮಡಕೆ ಇಟ್ಟುಕೊಂಡೇ ತಿರುಗುತ್ತಿದ್ದ. ನನಗೆ ಮಾರ್ಕೆಟ್ಟಿನ ಉರ್ದು ಬರುತ್ತಿತ್ತು, ಅದರಲ್ಲೇ ಮಾತು. ಮುದ್ದೆ ನೋಡಿ, ಇದನ್ನು ಫಿರಂಗಿಗೆ ಹಾಕುವುದೋ ಬಾಯಿಗೆ ಹಾಕುವುದೋ ಎಂದು ಕೇಳಿದ. ಬಾಯಿಗೆ ಹಾಕು, ಆಮೇಲೆ ನೀನೇ ಫಿರಂಗಿ ಅಂದೆ.

ಬಂದಿದ್ದವರೆಲ್ಲ ಬೊಂಬಾಯಿ, ದಿಲ್ಲಿಯ ದೊಡ್ಡ ಜನ. ಅವರು ಹಲಗೆಯ ಆಟ ಆಡುವುದನ್ನು ನಾನು ದಿನಾ ನೋಡಿದೆ. ಅರ್ಧ ಬೆಳಿಗ್ಗೆ ಏದುಸಿರು ಬಿಡುತ್ತಾ ಹತ್ತುವುದು, ಒಂದು ಸೀನು ಸೀನುವಷ್ಟರಲ್ಲಿ ಇಳಿಯುವುದು. ಇಳಿದ ಮೇಲೆ ಒಬ್ಬರ ಬೆನ್ನು ಒಬ್ಬರು ತಟ್ಟುವುದು. ಬಿದ್ದವರು ಎದ್ದು ನಗುವುದು. ಸಂಜೆ ಬೆಂಕಿಯ ಸುತ್ತ ಕೂತು, ಬೆಳಿಗ್ಗೆ ಹೇಗೆ ಬಿದ್ದೆ ಎಂದು ಹೇಳುವುದು, ಮತ್ತೆ ನಗುವುದು. ಬೀಳುವುದಕ್ಕೆ ಇಷ್ಟು ದೂರ ಬರಬೇಕೇ ಎಂದು ನನಗೆ ಅನ್ನಿಸುತ್ತಿತ್ತು. ಒಂದು ದಿನ ಗುಲಾಮ್ ನನ್ನ ಬೂಟಿಗೂ ಹಲಗೆ ಕಟ್ಟಿ ನಿಲ್ಲಿಸಿದ. ಸಮತಟ್ಟಾದ ಜಾಗ. ಅವನು ಸ್ವಲ್ಪ ತಳ್ಳಿದ. ಕಾಲು ಎತ್ತದೆಯೇ ನೆಲ ಹಿಂದೆ ಹೋಯಿತು. ಹೊಟ್ಟೆಯೊಳಗೆ ಏನೋ ಹಗುರಾಯಿತು. ಚೆನ್ನಾಗಿತ್ತು, ಸುಳ್ಳು ಏಕೆ ಹೇಳಲಿ. ಆಮೇಲೆ ಧೊಪ್ಪನೆ ಕೂತೆ. ಹೋಟೆಲಿನವರೆಲ್ಲ ನೋಡಿ ನಕ್ಕರು. ವಿಮಲಮ್ಮನವರೂ ನಕ್ಕರು. ಆ ನಗುವನ್ನು ಅವರು ಎಲ್ಲೋ ಜೋಪಾನವಾಗಿ ಇಟ್ಟುಕೊಂಡಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

ವಿಮಲಮ್ಮ ಗುಲ್ಮಾರ್ಗ ಸೇರಿದ ಮರುದಿನವೇ ಹಲಗೆ ಕಟ್ಟಿದ್ದರು. ಒಂದು ವಾರ ಬರೀ ಬಿದ್ದರು. ಆಮೇಲೆ ಸಣ್ಣ ಇಳಿಜಾರು ಇಳಿಯಲು ಕಲಿತರು. ಸಾಹೇಬರು ಒಮ್ಮೆ ಬಂದಾಗ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಇಷ್ಟಕ್ಕೆ ನಿಂತಿದ್ದರೆ ನನಗೇನೂ ಇರಲಿಲ್ಲ. ಅತ್ತೆಗೆ ಕೊಟ್ಟ ಮಾತು ಅವರದು, ನನ್ನದಲ್ಲ. ಆದರೆ ಅಲ್ಲಿಗೆ ಬಂದ ದಿಲ್ಲಿಯ ಹೆಂಗಸೊಬ್ಬಳು ತನ್ನ ಮಗನನ್ನು ಮುಂದೆ ನಿಲ್ಲಿಸಿಕೊಂಡು ಇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಮಲಮ್ಮನವರ ಕಣ್ಣು ಆ ಚಪ್ಪಾಳೆಯ ಮೇಲೆ ಬಿತ್ತು.

ಮರುದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಗೆ ನಿಂತಿದ್ದೆ. ವಿಮಲಮ್ಮ ಹಲಗೆ ಕಟ್ಟಿಕೊಂಡು ಬಂದು "ಅವಳನ್ನ ಕೊಡು ಇಲ್ಲಿ" ಅಂದರು.

"ಯಾಕಮ್ಮಾವ್ರೇ?"

"ಬೆನ್ನಿಗೆ ಕಟ್ಟು. ನೀನು ಕಟ್ಕೋತೀಯಲ್ಲ, ಹಾಗೇ. ಕೈಯೆರಡೂ ಖಾಲಿ ಇದ್ರೆ ಕೋಲು ಹಿಡೀಬಹುದು."

"ನಾನು ಕಟ್ಕೊಂಡು ನಡೀತೀನಿ. ನೀವು ಜಾರ್ತೀರ. ಬೇಡಿ."

ಗುಲಾಮ್ ಕೂಡ ಮುಂದೆ ಬಂದು, "ಮೇಮ್ ಸಾಬ್, ಬಚ್ಚಾ ನಹೀಂ" ಎಂದು ಕೈ ಅಡ್ಡ ಮಾಡಿದ. ಅವರು ಅವನಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ಅವನು ಕೈ ಇಳಿಸಿದ. ನಾನು ಕಟ್ಟಲು ಒಪ್ಪಲಿಲ್ಲ. ಅವರು ನನ್ನ ಬೆನ್ನಿನಿಂದ ಮಗುವನ್ನು ಎಳೆದುಕೊಂಡು ತಾವೇ ಅತ್ತೆಯ ಶಾಲಿನಲ್ಲಿ ಕಟ್ಟಿಕೊಂಡರು. ನೋಡಿ ಕಲಿತ ಗಂಟು. ನಾವು ಹಾಕುವ ಗಂಟು ಒಂದು ಎಳೆತಕ್ಕೆ ಬಿಚ್ಚುತ್ತದೆ, ಬಗ್ಗಿದಾಗ ಮಗು ಪಕ್ಕಕ್ಕೆ ಜರುಗುವಷ್ಟು ಸಡಿಲವೂ ಇರುತ್ತದೆ. ಅವರು ಮೂಟೆ ಬಿಗಿದಂತೆ ಬಿಗಿದರು.

ಇಳಿದರು. ಅರ್ಧ ದಾರಿಯವರೆಗೆ ಉಷಾ ನಗುವುದು ಕೇಳಿಸಿತು. ಆಮೇಲೆ ಹಲಗೆಗಳು ಒಂದರ ಮೇಲೊಂದು ಹೋದವು, ಅವರು ಬೆನ್ನಡಿಯಾಗಿ ಬಿದ್ದು ಕೆಳಗಿನವರೆಗೆ ಹೊರಳಿದರು. ಮೇಲೆ ತಾಯಿ, ಅಡಿಯಲ್ಲಿ ಮಗು. ನಾನು ಬಿದ್ದು ಎದ್ದು ಓಡಿದೆ. ಗಂಟು ಬಿಚ್ಚಲಿಲ್ಲ. ಗುಲಾಮನ ಚಾಕುವಿನಿಂದ ಶಾಲು ಕತ್ತರಿಸಿ ಮಗುವನ್ನು ತೆಗೆದೆ. ಬಲಗಾಲು ಮಂಡಿಯ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ವಿಮಲಮ್ಮನವರ ಮೈಮೇಲೆ ಒಂದು ಗೀರೂ ಇರಲಿಲ್ಲ.

ಅವರು ಎದ್ದು ಕೂತು ಮೊದಲು ಆಡಿದ ಮಾತು ಮಗುವಿನ ಬಗ್ಗೆ ಅಲ್ಲ. "ನಮ್ಮತ್ತೆ ನನ್ನ ಮನೆಯಿಂದ ಆಚೆ ಹಾಕ್ತಾರೆ" ಅಂದರು. ಆಮೇಲೆ ನನ್ನ ಮುಖ ನೋಡಿದರು. ದನ ಕೊಳ್ಳುವವನು ಹಲ್ಲು ನೋಡುತ್ತಾನಲ್ಲ, ಹಾಗೆ ನೋಡಿದರು. "ನೀನು ಕರ್ಕೊಂಡು ಹೋದೆ ಅನ್ನು ಮುನಿಯಮ್ಮ. ನಾನು ನಿನ್ನ ಕೈ ಬಿಡಲ್ಲ."

"ಅನ್ನಲ್ಲ" ಅಂದೆ.

ನಾನು ಅನ್ನಬೇಕಾಗಿಯೂ ಇರಲಿಲ್ಲ. ಅವರೇ ಅಂದರು. ಕಾಲಿಗೆ ಪಟ್ಟಿ ಕಟ್ಟಿದ್ದ ಮಗುವನ್ನು ಕರೆದುಕೊಂಡು ಶಿವರಾತ್ರಿಗೆ ಮುಂಚೆ ಊರಿಗೆ ಬಂದೆವು. ಅಷ್ಟರಲ್ಲಿ ಅತ್ತೆಗೆ ಅವರ ಕಾಗದ ತಲುಪಿತ್ತು: ವಿಮಲಮ್ಮನವರಿಗೆ ಹೋದಾಗಿನಿಂದ ಜ್ವರ, ಹಾಸಿಗೆ ಬಿಟ್ಟು ಎದ್ದೇ ಇಲ್ಲ, ಮುನಿಯಮ್ಮ ಹೇಳದೆ ಕೇಳದೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಲಗೆಯ ಮೇಲೆ ಜಾರಿ ಬೀಳಿಸಿದಳು. ಗಾಡಿ ಇಳಿಯುತ್ತಿದ್ದಂತೆ ಪಾರ್ವತಮ್ಮ ನನ್ನನ್ನು ಗೇಟಿನ ಆಚೆಯೇ ನಿಲ್ಲಿಸಿದರು. ಅಕ್ಕಪಕ್ಕದ ಮನೆಯವರೆಲ್ಲ ಬೇಲಿಯ ಮೇಲೆ ತಲೆಯಿಟ್ಟರು.

"ನಾನಲ್ಲ ದೊಡ್ಡಮ್ಮೋರೆ. ಅಮ್ಮಾವ್ರೇ ಕಟ್ಕೊಂಡು ಇಳಿದಿದ್ದು. ಶಾಲಿನ ಗಂಟು ಬಿಚ್ಚಲಿಲ್ಲ, ಕತ್ತರಿಸಿ ತೆಗ್ದೆ. ನೋಡಿ ಬೇಕಾದ್ರೆ."

"ಬೆನ್ನಿಗೆ ಕಟ್ಟೋ ಬುದ್ಧಿ ಯಾರ್ದು ಅಂತ ನನಗೆ ಗೊತ್ತಿಲ್ವಾ? ಬೇಡ ಬೇಡ ಅಂತ ಬಡ್ಕೊಂಡಿಲ್ವಾ ನಾನು? ಅವಳು ಹಲಗೆ ಮುಟ್ಟೂ ಇಲ್ಲ, ಜ್ವರದಲ್ಲಿ ಬಿದ್ದಿದ್ಲು. ನೀನು ಹಲಗೆ ಕಟ್ಕೊಂಡು ಕುಣಿದಿದ್ದನ್ನ ಹೋಟ್ಲಿನೋರೆಲ್ಲ ನೋಡಿದಾರಂತೆ. ಇಲ್ಲ ಅನ್ನು?"

ಇಲ್ಲ ಅನ್ನಲು ಆಗುವಂತಿರಲಿಲ್ಲ. ನಾನು ಸಾಹೇಬರ ಮುಖ ನೋಡಿದೆ. ಅವರು ಹಾಸಿಗೆ ಸುತ್ತಿದ್ದ ಹೋಲ್ಡಾಲಿನ ಪಟ್ಟಿ ಬಿಗಿಮಾಡುತ್ತಿದ್ದರು. ವಿಮಲಮ್ಮ ತಲೆಗೆ ಮಫ್ಲರು ಸುತ್ತಿಕೊಂಡು, ಜ್ವರದಿಂದ ಎದ್ದವರಂತೆ ಮೆಲ್ಲಗೆ ಮೆಟ್ಟಿಲು ಹತ್ತಿದರು. ಉಷಾ "ಮುನ್ನೀ, ಮುನ್ನೀ" ಎಂದು ಸಾಹೇಬರ ಹೆಗಲಿನಿಂದ ಕೈ ಚಾಚಿ ಅತ್ತಳು. ಆಗ ಪಾರ್ವತಮ್ಮ ಹೇಳಿದರು.

"ದೇವರು ನಿನಗೆ ಮಕ್ಕಳನ್ನ ಸುಮ್ನೆ ಕೊಡದೆ ಇಟ್ಟಿದಾನಾ? ಕೊಟ್ಟಿದ್ರೆ ಅವನ್ನೂ ಹೀಗೇ ಮುರಿದಿರ್ತಿದ್ದೆ."

ಬೇಲಿಯ ಮೇಲಿನ ತಲೆಗಳಿಗೆಲ್ಲ ಕೇಳಿಸುವಂತೆ ಹೇಳಿದರು. ನಾನು ಅಳಲಿಲ್ಲ. ಗಂಟು ಎತ್ತಿಕೊಂಡು ಯಡಿಯೂರು ಕೆರೆಯ ಏರಿಯ ಮೇಲೆ ನಡೆದು ಮನೆಗೆ ಬಂದೆ. ಬರುವಾಗಲೇ ತೀರ್ಮಾನ ಮಾಡಿದೆ, ಇವರಿಬ್ಬರ ಲೆಕ್ಕ ನಾನೇ ಮುಗಿಸಬೇಕು. ಹೇಗೆಂದು ಗೊತ್ತಿರಲಿಲ್ಲ. ವೆಂಕಟಪ್ಪ, "ದೊಡ್ಡೋರ ಸಾವಾಸ, ಬಿಟ್ಟಾಕು" ಅಂದ. ಬಿಟ್ಟು ಹಾಕುವುದು ಅವನಿಗೆ ಸುಲಭ. ಹೊಲವನ್ನೇ ಬಿಟ್ಟವನು.

ಆ ಬೇಸಿಗೆ ಯಾರೂ ನನ್ನನ್ನು ಮನೆಗೆ ಸೇರಿಸಲಿಲ್ಲ. ಹೊಸ ಬಡಾವಣೆ, ಎಲ್ಲರಿಗೂ ಎಲ್ಲರೂ ಗೊತ್ತು. "ಮಗು ಕಾಲು ಮುರಿದೋಳಲ್ವಾ ನೀನು?" ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ನಾನು ಕಲ್ಲು ಹೊತ್ತೆ, ಸುಣ್ಣ ಅರೆದೆ. ಕೊನೆಗೆ ಕರೆದವರು ಹೆಂಗಸರ ಸಮಾಜದ ಕಮಲಮ್ಮ. ಅವರು ಸಮಾಜದ ಕಾರ್ಯದರ್ಶಿ, ಗಟ್ಟಿ ಹೆಂಗಸು, ನಶ್ಯ ಹಾಕುವವರು. ತಗಡಿನ ಮಾಡಿನ ಒಂದು ಹಾಲ್‌ನಲ್ಲಿ ಜಯನಗರದ ಹೆಂಗಸರು ಸೇರಿ ಹೊಲಿಗೆ, ಭಜನೆ, ಭಾಷಣ ನಡೆಸುತ್ತಿದ್ದರು.

"ಇಲ್ಲಿ ಮಕ್ಕಳಿಲ್ಲ, ನೀನು ಮುರಿಯೋಕೆ ಏನೂ ಇಲ್ಲ. ಗುಡಿಸ್ಕೊಂಡಿರು ಬಾ" ಅಂದರು ಕಮಲಮ್ಮ.

ಗುಡಿಸುವುದರ ಜೊತೆಗೆ ಕರೆಯುವ ಕೆಲಸವೂ ನನ್ನದಾಯಿತು. ಸಮಾಜದಲ್ಲಿ ಏನೇ ನಡೆಯಲಿ, ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಮುತ್ತೈದೆಯರ ಹಣೆಗೆ ಇಟ್ಟು, ಇಂಥ ದಿನ ಬನ್ನಿ ಎಂದು ಕರೆಯಬೇಕು. ಮಕ್ಕಳಿಲ್ಲದವಳ ಕೈಯಲ್ಲಿ ಭರಣಿಯೇ ಎಂದು ಒಬ್ಬಿಬ್ಬರು ಮೂತಿ ತಿರುವಿದರು. "ಗಂಡ ಇದಾನೆ, ಕಾಲಿದೆ, ಸಾಕು. ನೀವು ಹೋಗ್ತೀರಾ ಈ ಬಿಸಿಲಲ್ಲಿ?" ಎಂದು ಕಮಲಮ್ಮ ಕೇಳಿದ ಮೇಲೆ ಆ ಮೂತಿಗಳು ನೆಟ್ಟಗಾದವು. ಆ ಸಮಾಜದಲ್ಲೇ ನಾನು ನಾಲ್ಕು ಅಕ್ಷರ ಕಲಿತೆ. ಈಗ ಬರೆಯುತ್ತಿರುವುದು ಅದೇ ಅಕ್ಷರ.

ವಿಮಲಮ್ಮ ಆ ಸಮಾಜದ ಮೆಂಬರು. ನನ್ನನ್ನು ಪೊರಕೆಯ ಜೊತೆ ನೋಡಿ ಮೊದಲ ದಿನ ಬೆಚ್ಚಿದರು, ಆಮೇಲೆ ಪೊರಕೆಯನ್ನಷ್ಟೇ ನೋಡಿ ಅಭ್ಯಾಸ ಮಾಡಿಕೊಂಡರು. ನಾನಿರುವಾಗಲೇ ಗೆಳತಿಯರಿಗೆ ಕತೆ ಹೇಳುತ್ತಿದ್ದರು. ಅಲ್ಲಿ ಕೇಳಿದ್ದು ನನಗೆ ಹೊಸ ಕತೆ. ಸಮಾಜದ ಹೆಂಗಸರ ಮುಂದೆ ವಿಮಲಮ್ಮನವರಿಗೆ ಜ್ವರ ಬಂದೇ ಇರಲಿಲ್ಲ. ಅಲ್ಲಿ ಅವರು ದಿನಾ ಜಾರಿದವರು, ಚಪ್ಪಾಳೆ ಗಿಟ್ಟಿಸಿದವರು. ಮಗು ಬಿದ್ದ ದಿನವೂ ಅವರು ಮೇಲೆ ಇಳಿಜಾರಿನ ತುದಿಯಲ್ಲಿದ್ದರು, ಕೆಳಗೆ ಆಳು ಮಗುವನ್ನು ಕಟ್ಟಿಕೊಂಡು ಬಿದ್ದಳು, ಅಷ್ಟೆ. ಮನೆಯಲ್ಲಿ ಜ್ವರ, ಸಮಾಜದಲ್ಲಿ ಜಾರಾಟ. ಅತ್ತೆ ಸಮಾಜಕ್ಕೆ ಕಾಲಿಡುವವರಲ್ಲ, ಅದಕ್ಕೆ ಅವರು ಬಾಯಿಬಡುಕರ ಸಂಘ ಎಂದು ಹೆಸರಿಟ್ಟಿದ್ದರು. ಹಾಗಾಗಿ ಎರಡು ಕತೆಯೂ ಅಕ್ಕಪಕ್ಕ ಸುಖವಾಗಿ ಬದುಕಿದ್ದವು.

ಶ್ರಾವಣ ಬಂತು. ಜಿಟಿಜಿಟಿ ಮಳೆ ಹಿಡಿಯಿತು, ರಸ್ತೆಯೆಲ್ಲ ಕೆಂಪು ಕೆಸರು. ಒಂದು ಶುಕ್ರವಾರ ಅರಿಶಿನ ಕುಂಕುಮದ ಜೊತೆಗೆ ವಿಮಲಮ್ಮನವರ ಭಾಷಣ ಎಂದು ಕಮಲಮ್ಮ ಗೊತ್ತುಮಾಡಿದರು. ಹಿಮದ ಮೇಲೆ ಜಾರುವ ಆಟ, ಪ್ರವಾಸಿಯ ಅನುಭವ. ಕರೆಯಬೇಕಾದ ಮನೆಗಳನ್ನು ಹೇಳುತ್ತಿದ್ದಾಗ ವಿಮಲಮ್ಮ ಮಧ್ಯೆ ಬಾಯಿಹಾಕಿದರು.

"ನಮ್ಮನೆಗೆ ಯಾರೂ ಹೋಗೋದು ಬೇಡ. ನಮ್ಮತ್ತೆಗೆ ಮಂಡಿ ನೋವು. ನಾನೇ ಹೇಳ್ತೀನಿ."

ನಾನು ಪೊರಕೆ ಹಿಡಿದು ಅಲ್ಲೇ ನಿಂತಿದ್ದೆ. ಆ ಕ್ಷಣ ದಾರಿ ಕಾಣಿಸಿತು.

ಶುಕ್ರವಾರ ಬೆಳಿಗ್ಗೆ, ವಿಮಲಮ್ಮ ಸಮಾಜದ ಹಾಲ್ ಅಲಂಕರಿಸಲು ಬಂದಿದ್ದ ಹೊತ್ತು ನೋಡಿಕೊಂಡು, ನಾನು ಭರಣಿ ಹಿಡಿದು ಅದೇ ಗೇಟಿನ ಮುಂದೆ ನಿಂತೆ. ಬಾಗಿಲು ತೆಗೆದವರು ಪಾರ್ವತಮ್ಮ. ನನ್ನನ್ನು ನೋಡಿ ಅವರ ಕುತ್ತಿಗೆಯ ನರ ಉಬ್ಬಿತು. ಆಮೇಲೆ ಕೈಯಲ್ಲಿದ್ದ ಭರಣಿ ನೋಡಿದರು. ಕುಂಕುಮಕ್ಕೆ ಬಾಗಿಲು ಹಾಕುವ ಮುತ್ತೈದೆ ಆ ಕಾಲದ ಜಯನಗರದಲ್ಲಿ ಇರಲಿಲ್ಲ. ತಂದವಳು ಯಾರೇ ಆಗಲಿ. ಅವರು ಹೊಸಿಲಿನ ಒಳಗೆ, ನಾನು ಹೊರಗೆ. ತಲೆ ಬಾಗಿಸಿದರು. ನಾನು ಇಟ್ಟೆ.

"ಇವತ್ತು ಸಾಯಂಕಾಲ ಸಮಾಜಕ್ಕೆ ಬರಬೇಕಂತೆ. ತಾಂಬೂಲ ಇದೆ, ಭಾಷಣ ಇದೆ."

"ಯಾರ್ದು ಭಾಷಣ?"

"ಯಾರೋ ಬೆಟ್ಟಕ್ಕೆ ಹೋಗಿ ಬಂದೋರಂತೆ."

ಮಂಡಿ ನೋವಿದ್ದವರು ಮಳೆಯಲ್ಲಿ ಕೊಡೆ ಹಿಡಿದು ಬಂದರು. ಕುಂಕುಮ ಇಡಿಸಿಕೊಂಡ ಮೇಲೆ ತಾಂಬೂಲಕ್ಕಾದರೂ ಹೋಗದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಬರುವಷ್ಟರಲ್ಲಿ ಹೊತ್ತಾಗಿತ್ತು, ಹಾಲ್ ತುಂಬಿತ್ತು. ಬಾಗಿಲ ಹತ್ತಿರ ಕಂಬದ ಹಿಂದೆ ಚಾಪೆಯ ತುದಿಯಲ್ಲಿ ಕೂತರು. ನಾನು ಪಕ್ಕದಲ್ಲೇ ತಾಂಬೂಲದ ತಟ್ಟೆ ಹಿಡಿದು ನಿಂತೆ.

ಮುಂದೆ ವಿಮಲಮ್ಮ ಆಗಲೇ ಶುರುಮಾಡಿದ್ದರು. ಮೇಜಿನ ಮೇಲೆ ಗುಲ್ಮಾರ್ಗದಲ್ಲಿ ತೊಡುತ್ತಿದ್ದ ಉಣ್ಣೆಯ ಕೋಟು ಹರಡಿದ್ದರು. ಒದ್ದೆ ಸೀರೆಗಳ ವಾಸನೆ, ಮಲ್ಲಿಗೆಯ ವಾಸನೆ, ಎಲ್ಲದರ ಮೇಲೆ ನುಸಿಗುಳಿಗೆಯ ವಾಸನೆ. ಚಿತ್ರಗಳು ಕೈಯಿಂದ ಕೈಗೆ ಹೋಗುತ್ತಿದ್ದವು.

"ಸ್ಕೀಯಿಂಗ್ ಅಂದ್ರೆ ನಡೆಯೋದಲ್ಲ, ಓಡೋದಲ್ಲ, ಹಾರೋದು. ಮೊದಲ್ನೇ ದಿನಾನೇ ನಾನು ಬ್ಯಾಲೆನ್ಸ್ ಕಲಿತೆ. ಟೀಚರ್ರೇ ಆಶ್ಚರ್ಯಪಟ್ರು."

"ಸೀರೆ ಉಟ್ಕೊಂಡೇ ಜಾರಿದ್ರಾ ವಿಮಲಾ?" ಎಂದು ಯಾರೋ ಕೇಳಿದರು.

"ಇಲ್ಲಪ್ಪ, ಪ್ಯಾಂಟು." ಹೆಂಗಸರೆಲ್ಲ ಹೋ ಎಂದು ನಕ್ಕರು.

"ಚಳಿಗೆ ಕಾಯಿಲೆ ಬೀಳ್ಲಿಲ್ವಾ?"

"ಒಂದು ಸೀನೂ ಇಲ್ಲ ರೀ. ಒಂದು ದಿನಾನೂ ತಪ್ಪಿಸಲಿಲ್ಲ. ನಮ್ಮ ಉಷಾ ಬಿದ್ದ ದಿನಾನೂ ನಾನು ಮೇಲಿದ್ದೆ, ಅಲ್ಲಿಂದ ಕೂಗ್ದೆ..."

ಚಿತ್ರವೊಂದು ಕೊನೆಯ ಸಾಲಿಗೆ ಬಂತು. ನಾನೇ ಅದನ್ನು ತೆಗೆದು ಪಾರ್ವತಮ್ಮನವರ ಕೈಗೆ ಕೊಟ್ಟೆ. ವಿಮಲಮ್ಮ ಹಲಗೆಯ ಮೇಲೆ, ಎರಡು ಕೈಯಲ್ಲಿ ಕೋಲು, ಕೊರಳಿಗೆ ಬೂದು ಶಾಲು. ಅದನ್ನು ಅವರು ತುಂಬ ಹೊತ್ತು ನೋಡಿದರು. ಭಾಷಣ ಮುಗಿಯಿತು, ಕಮಲಮ್ಮ ನಶ್ಯ ಒರೆಸಿಕೊಂಡು, ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿ ಅಂದರು.

ಪಾರ್ವತಮ್ಮ ಕಂಬ ಹಿಡಿದು ಎದ್ದು ನಿಂತರು. "ನಾನು ಒಂದು ಕೇಳ್ತೀನಿ" ಅಂದರು. ಎಲ್ಲರೂ ಹಿಂದೆ ತಿರುಗಿದರು. ವಿಮಲಮ್ಮನವರ ಕೈ ಕೋಟಿನ ಮೇಲೆ ಹಾಗೇ ನಿಂತಿತು.

"ಜ್ವರ ಯಾವಾಗ ಬಿಡ್ತಮ್ಮ ನಿಂಗೆ?"



"ಅತ್ತೆ, ಮನೇಲಿ ಮಾತಾಡೋಣ..."

"ಮನೇಲಿ ಮಾತಾಡಿದ್ದಾಯ್ತಲ್ಲ. ಹಾಸಿಗೆ ಬಿಟ್ಟು ಎದ್ದಿಲ್ಲ ಅಂದಿದ್ದೆ. ದೀಪದ ಮುಂದೆ ಕೈಯಿಟ್ಟು ಹೋಗಿದ್ದೆ. ಇಲ್ಲಿ ಒಂದು ಸೀನೂ ಇಲ್ಲ ಅಂತೀಯ. ಮಗೂನ ಯಾರು ಕಟ್ಕೊಂಡಿದ್ರು?"

ವಿಮಲಮ್ಮ ಕೋಟಿನ ತೋಳು ಮಡಚತೊಡಗಿದರು. ಅವರ ಕಣ್ಣು ಬಾಗಿಲ ಹತ್ತಿರ ತಟ್ಟೆ ಹಿಡಿದಿದ್ದ ನನ್ನ ಮೇಲೆ ಬಂತು. ಎಷ್ಟೋ ದಿನದ ಮೇಲೆ ಪೊರಕೆ ಬಿಟ್ಟು ನನ್ನನ್ನು ನೋಡಿದರು. ನಾನೂ ನೋಡಿದೆ. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅದು ಆಳಿನ ಮಾತಾಗುತ್ತಿತ್ತು. ಆ ಮೌನ ಪೂರ್ತಿ ಅವರದೇ ಆಗಬೇಕು ಎಂದು ಬಾಯಿ ಬಿಗಿ ಹಿಡಿದೆ.

"ಶಾಲು ಕತ್ತರಿಸಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಮುನಿಯಮ್ಮನ ಗಂಟಾಗಿದ್ರೆ ಬಿಚ್ಚುತ್ತಿತ್ತು" ಅಂದರು ಪಾರ್ವತಮ್ಮ. ಚಿತ್ರವನ್ನು ಚಾಪೆಯ ಮೇಲೆ ಬಿಟ್ಟು, ತಾಂಬೂಲ ತೆಗೆದುಕೊಳ್ಳದೆ ಹೊರಟರು. ಕೊಡೆ ಅಲ್ಲೇ ಮರೆತರು.

ಮರುದಿನದಿಂದಲೇ ಜನ ನನ್ನನ್ನು ಮನೆಗೆ ಕರೆಯತೊಡಗಿದರು. ಅಂದು ಬಾಗಿಲಲ್ಲಿ ಮುಖ ತಿರುಗಿಸಿದವರೇ ಬಂದು ಕರೆದರು. ನಾನು ಒಬ್ಬರ ಮನೆಗೂ ಹೋಗಲಿಲ್ಲ, ಸಮಾಜದಲ್ಲೇ ಉಳಿದೆ. ವಿಮಲಮ್ಮ ಮತ್ತೆ ಸಮಾಜಕ್ಕೆ ಬರಲಿಲ್ಲ. ಬಸ್ ಸ್ಟಾಪಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಎಲ್ಲಿ ಸಿಕ್ಕರೂ ಯಾರಾದರೊಬ್ಬರು "ಜ್ವರ ಹೇಗಿದೆ ವಿಮಲಾ?" ಎಂದು ವಿಚಾರಿಸುತ್ತಿದ್ದರು. ಆ ಪ್ರಶ್ನೆ ಅವರ ಹಿಂದೆ ವರ್ಷಗಟ್ಟಲೆ ನಡೆಯಿತು. ಒಮ್ಮೆ ನಾನೂ ಕೇಳಿದೆ. ಬಾಯಿಗೆ ಸಕ್ಕರೆ ಹಾಕಿಕೊಂಡ ಹಾಗಾಯಿತು.

ಒಂದು ಲೆಕ್ಕ ಮುಗಿದಿತ್ತು, ಇನ್ನೊಂದು ಉಳಿದಿತ್ತು.

ಗೌರಿ ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನಮ್ಮ ಗುಡಿಸಲಿನ ಮುಂದೆ ಜಟಕಾ ನಿಂತಿತು. ಪಾರ್ವತಮ್ಮ ಇಳಿದರು. ಕೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ. ಇನ್ನೊಂದು ಕೈಯಲ್ಲಿ ಉಷಾ. ಪಟ್ಟಿ ಬಿಚ್ಚಿದ್ದರು, ಕಾಲು ಕೂಡಿತ್ತು, ಆದರೆ ನೆಟ್ಟಗೆ ಕೂಡಿರಲಿಲ್ಲ. ಅವಳು ಒಂದು ಕಡೆ ವಾಲಿ ನಡೆದು ಬಂದು ನನ್ನ ಸೀರೆ ಹಿಡಿದುಕೊಂಡಳು. ಯಡಿಯೂರಿನ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಿಗೆ ಬಂದು ನಿಂತರು. ದೊಡ್ಡ ಮನೆಯ ಮುತ್ತೈದೆ ಆಳಿನ ಮನೆಗೆ ಕುಂಕುಮ ತರುವುದನ್ನು ಅವರು ಹಿಂದೆ ನೋಡಿರಲಿಲ್ಲ.

"ಮುನಿಯಮ್ಮ, ಗೌರಿ ಹಬ್ಬದ ದಿನ ಬಾ. ಮೊದಲ್ನೇ ಬಾಗಿನ ನಿನಗೇ ಕೊಡಬೇಕು ಅಂತ ಇಟ್ಕೊಂಡಿದೀನಿ. ಆಮೇಲೆ ಮನೇಲೇ ಇರು. ಮಗು ನಿನ್ನೇ ಕೇಳುತ್ತೆ."

ಅಂದು ಗೇಟಿನಲ್ಲಿ ಆಡಿದ ಮಾತಿನ ಬಗ್ಗೆ ಒಂದಕ್ಷರ ಹೇಳಲಿಲ್ಲ. ನನ್ನ ಅಳದ ಎರಡು ಮಕ್ಕಳ ಬಗ್ಗೆ ಆಡಿದ ಮಾತು ಅದು. ಅದನ್ನು ಗಟ್ಟಿಯಾಗಿ ಆಡಿದ್ದರು, ವಾಪಸು ತೆಗೆದುಕೊಳ್ಳುವುದನ್ನು ಮೆಲ್ಲಗೆಯಾದರೂ ಮಾಡಬಹುದಿತ್ತು. ನಾನು ಕಾದೆ. ಅವರು ಭರಣಿ ತೆಗೆದರು. ನಾನು ತಲೆ ಬಾಗಿಸಿದೆ, ಅವರು ಇಟ್ಟರು.

"ಬರ್ತೀಯಲ್ವಾ?"

"ಬರ್ತೀನಿ ದೊಡ್ಡಮ್ಮೋರೆ" ಅಂದೆ.

ಉಷಾಳ ಬೆರಳು ನನ್ನ ಸೆರಗಿನಿಂದ ಬಿಡಿಸಿ ಜಟಕಾದಲ್ಲಿ ಕೂರಿಸಿದೆ. ಆ ಮಗು ಏನೂ ತಪ್ಪು ಮಾಡಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಗೌರಿ ಹಬ್ಬದ ದಿನ ಮಳೆ ಬಿಟ್ಟಿತ್ತು. ನಾನು ಕೆರೆಯ ಏರಿಯ ಮೇಲೆ ಎತ್ತುಗಳಿಗೆ ಹುಲ್ಲು ಕೊಯ್ಯುತ್ತಾ ಕೂತೆ. ಆ ಮನೆಯ ಮೇಲಿನ ಮಹಡಿ ಅಲ್ಲಿಂದ ಕಾಣುತ್ತಿತ್ತು. ಬಾಗಿನದ ಮೊರ ಕೊಡುವವರೆಗೆ ಕೊಡುವವರು ಉಣ್ಣುವ ಹಾಗಿಲ್ಲ. ಅವರು ಅರಿಶಿನ ಹಚ್ಚಿದ ಮೊರವನ್ನು ನಡುಮನೆಯಲ್ಲಿಟ್ಟು, ನನ್ನ ಹೆಸರು ಹೇಳಿಕೊಂಡು, ಬಾಗಿಲು ನೋಡುತ್ತಾ ಕೂತಿದ್ದರಂತೆ. ಸೊಸೆ ಬೇರೆ ಯಾರಿಗಾದರೂ ಕೊಟ್ಟುಬಿಡಿ ಅಂದರೆ, "ಅವಳು ಬರ್ತೀನಿ ಅಂದಿದಾಳೆ" ಅಂದರಂತೆ. ಮನೆಯ ಒಗೆಯುವವಳು ಮರುದಿನ ಬಂದು ಹೇಳಿದಳು: ಸಂಜೆ ದೀಪ ಹಚ್ಚುವವರೆಗೂ ಪಾರ್ವತಮ್ಮ ಒಂದು ತೊಟ್ಟು ನೀರೂ ಕುಡಿಯಲಿಲ್ಲ.

ನಾನು ಮಧ್ಯಾಹ್ನವೇ ಏರಿಯ ಮೇಲೆ ಬುತ್ತಿ ಬಿಚ್ಚಿ ಮುದ್ದೆ ಉಂಡೆ. ಅವರಿಟ್ಟ ಕುಂಕುಮವನ್ನು ನಾನು ಮೊದಲೇ ತೊಳೆದಿದ್ದೆ. ಅಂದು ಹಣೆಯಲ್ಲಿದ್ದದ್ದು ನನ್ನದೇ.